ಒಂದೇ ಲೋವರ್ ಆರ್ಮ್ ಸಾಕಾ, ಡಬಲ್ ವಿಶ್‌ಬೋನ್ ಬೇಕಾ?

ಪುಣೆಯಲ್ಲಿ ಕಾರು ಕೊಳ್ಳಲು ಹೊರಟ ನಮ್ಮ ಕನ್ನಡದ ಗೆಳೆಯರು ಮೊದಲು ಗೊಂದಲಕ್ಕೆ ಬೀಳೋದು ಸಸ್ಪೆನ್ಷನ್ (ಗುಂಡಿಯ ಹೊಡೆತ ತಡೆಯುವ ವ್ಯವಸ್ಥೆ) ಭಾಗಗಳ ಹೆಸರುಗಳಲ್ಲೇ. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ತೋಳು ಕಂಟ್ರೋಲ್ ಆರ್ಮ್. ಕೆಳಗಿದ್ದರೆ ಲೋವರ್ ಆರ್ಮ್. ‘ಎ’ ಅಕ್ಷರದಂತೆ ಕವಲೊಡೆದಿದ್ದರೆ ಎ-ಆರ್ಮ್ ಅಂತಾರೆ, ವಿಶ್‌ಬೋನ್ ಅಂದರೂ ಅದೇ.

ಸ್ವಿಫ್ಟ್‌ನಂಥ ಕಾರಿನ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ, ಇರುತ್ತದೆ. ಕೆಳಗೊಂದೇ ತೋಳು, ಮೇಲಿನ ತೋಳಿನ ಕೆಲಸ ಸ್ಟ್ರಟ್‌ದೇ. ಜಾಗ ಕಡಿಮೆ, ಖರ್ಚೂ ಕಡಿಮೆ.

ಇನೋವಾ ಕ್ರಿಸ್ಟಾ, ಥಾರ್ ಮುಂದೆ ಡಬಲ್ ವಿಶ್‌ಬೋನ್. ಮೇಲೊಂದು, ಕೆಳಗೊಂದು. ಮೇಲಿನದು ಸಾಮಾನ್ಯವಾಗಿ ಗಿಡ್ಡ. ಹಾಗಾಗಿ ತಿರುವಿನಲ್ಲಿ ಗಾಡಿ ವಾಲಿದರೂ ಟೈರು ರಸ್ತೆಗೆ ಚೆನ್ನಾಗಿ ಕೂರುತ್ತದೆ. ಆದರೆ ಬುಷ್ (ತೋಳು ಗಾಡಿಗೆ ಸೇರುವಲ್ಲಿನ ರಬ್ಬರ್), ಬಾಲ್ ಜಾಯಿಂಟ್ (ಚಕ್ರದ ಕಡೆಯ ತಿರುಗುವ ಕೀಲು) ಜಾಸ್ತಿ, ಸವೆಯೋ ಜಾಗಗಳೂ ಜಾಸ್ತಿ ಅಲ್ವಾ?

ಕಳೆದ ಮಳೆಗಾಲ ಕಾತ್ರಜ್ ಹತ್ತಿರ ಗುಂಡಿ ಸಿಕ್ಕಾಗಲೆಲ್ಲ ನನ್ನ ಕಾರಿನಿಂದ ‘ಕಟ್ ಕಟ್’ ಸದ್ದು. ಗ್ಯಾರೇಜಿನವರು ಗಾಡಿ ಎತ್ತಿ, ಆರ್ಮ್‌ಗೆ ರಾಡ್ ಕೊಟ್ಟು ಮೀಟಿದರು. ಬುಷ್‌ನ ರಬ್ಬರ್ ಬಾಯಿಬಿಟ್ಟಿತ್ತು. ಒಂದೇ ತೋಳಾದ್ದರಿಂದ ಕೆಲಸ ಬೇಗ ಮುಗಿಯಿತು. ಆಮೇಲೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದೆ.

ಊರೊಳಗಿನ ಓಡಾಟಕ್ಕೆ ನಾನಂತೂ ಸ್ಟ್ರಟ್ ಅನ್ನೇ ಹೇಳುತ್ತೇನೆ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಪದೇ ಪದೇ ಘಾಟ್ ಇಳಿಯುವವರು ಡಬಲ್ ವಿಶ್‌ಬೋನ್ ಗಾಡಿಯನ್ನೂ ಓಡಿಸಿ ನೋಡಿ. ಹಳೆ ಗಾಡಿಯಾದರೆ ಮೊದಲು ಬುಷ್ ಮೀಟಿಸಿ ನೋಡಿ, ಆಮೇಲೆ ರೇಟು ಮಾತಾಡಿ.