ಬೆಡ್‌ಫರ್ಡ್ ಚೌಕದ ಹಳೆ ಮನೆಗಳು: ಕಚೇರಿಯಾಗಿ ಹೇಗಿವೆ?

ಲಂಡನ್ನಿನ ಬೆಡ್‌ಫರ್ಡ್ ಚೌಕದ ಮನೆಗಳು 1775ರಿಂದ 1783ರ ನಡುವೆ ಎದ್ದವು. ಈಗ ಹೆಚ್ಚಿನವು ಕಚೇರಿಗಳು. ಮುಂಬಾಗಿಲ ಕಮಾನನ್ನು ಹತ್ತಿರ ನಿಂತು ನೋಡಿ: ಸುತ್ತ ಕೋಡ್ ಕೃತಕ ಕಲ್ಲಿನ ಕಟ್ಟು, ನೆತ್ತಿಯಲ್ಲಿ ಗಡ್ಡದ ಮುಖ. ಅಚ್ಚೊತ್ತಿ ಸುಟ್ಟ ಜೇಡಿಮಣ್ಣು ಅದು. ಮಳೆ, ಹೊಗೆಗಳಿಗೆ ಎದೆಯೊಡ್ಡಿಯೂ ಗಡ್ಡದ ಸುರುಳಿ ಮಾಸಿಲ್ಲ!

ಮೊದಲ ಮಹಡಿಯ ಎತ್ತರದ ಕೋಣೆ ಸಭೆಗೆ ಹೇಳಿ ಮಾಡಿಸಿದಂತಿದೆ. ಅದಕ್ಕೆ ಅಡ್ಡಗೋಡೆ ಹಾಕಿ ಗೋಡೆ ಚಾವಣಿ ಕೂಡುವಲ್ಲಿನ ಗಾರೆಯ ಅಂಚುಪಟ್ಟಿಯನ್ನು ತುಂಡರಿಸಿದರೆ ಕೋಣೆಯ ಅಳತೆಯೇ ಕೆಡುತ್ತದೆ. ಮೇಲಿನ ಆಳುಗಳ ಕೋಣೆಗಳು ಇಕ್ಕಟ್ಟು.

ಕಿಟಕಿಗಳೇ ನಿಜವಾದ ಪರೀಕ್ಷೆ. ಮೇಲೆ ಕೆಳಗೆ ಜಾರುವ ಚೌಕಟ್ಟಿಗೆ ಬಣ್ಣದ ಮೇಲೆ ಬಣ್ಣ ಬಳಿದರೆ ಅದು ಕಚ್ಚಿಕೊಳ್ಳುತ್ತದೆ. ಬಣ್ಣ ಕೆರೆದು, ಚೌಕಟ್ಟಿನ ಭಾರಕ್ಕೆ ಸರಿದೂಗಲು ಪಕ್ಕದಲ್ಲಿ ನೇತುಬಿಟ್ಟ ತೂಕದ ಗುಂಡಿನ ಹಗ್ಗ ಬದಲಿಸಿದರೆ ಮತ್ತೆ ಸಲೀಸು. ಗದ್ದಲ ತಡೆಯಲು ಹಳೆ ಗಾಜು ಕೀಳಬೇಡಿ; ಒಳಬದಿಗೆ ಸುಮಾರು 100 ಮಿಲಿಮೀಟರ್ ಅಂತರ ಬಿಟ್ಟು ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿ. ಇವು ಗ್ರೇಡ್ 1, ಅಂದರೆ ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯ ಅತ್ಯುನ್ನತ ದರ್ಜೆಯ ಕಟ್ಟಡಗಳಾದ್ದರಿಂದ ಇಂಥ ಬದಲಾವಣೆಗೆ ಮೊದಲೇ ಅನುಮತಿ ಬೇಕು.

ಇಟ್ಟಿಗೆ ಸಂದಿಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ತುಂಬಿದರೆ ತೇವ ಸಂದಿಯಿಂದ ಹೊರಬರಲಾರದೆ ಇಟ್ಟಿಗೆಯ ಮೂಲಕ ಹೋಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಅದರ ಮೋರೆ ಚಕ್ಕೆಯೇಳುತ್ತದೆ. ಕಡತದ ಭಾರವಾದ ಬೀರುಗಳನ್ನು ಮರದ ನೆಲದ ನಡುವೆ ಇಡದೆ ಗೋಡೆಯ ಪಕ್ಕಕ್ಕೆ, ಅದೂ ತೊಲೆಗಳ ತುದಿ ಕೂತ ಗೋಡೆಯ ಪಕ್ಕಕ್ಕೆ, ಸರಿಸಿ.