ನಾನೇ ಹಾಕಿದ ಲ್ಯಾಮಿನೇಟ್ ನೆಲ: ಆರು ವರ್ಷ, ಎರಡು ವಾರಂಟಿ ಕ್ಲೇಮು

ಆರು ವರ್ಷದ ಹಿಂದೆ ನಮ್ಮ ಮನೆಯ ಹಾಲ್, ಒಂದು ರೂಮು, ನಡುವಿನ ಪ್ಯಾಸೇಜ್ ಮೂರಕ್ಕೂ ಲ್ಯಾಮಿನೇಟ್ ಫ್ಲೋರಿಂಗ್ ಹಾಕಿದೆ. ಕೆಲಸದವರನ್ನು ಕರೆಯಲಿಲ್ಲ, ಪೂರ್ತಿ ನಾನೇ ಹಾಕಿದ್ದು. 8 ಮಿ.ಮೀ. ದಪ್ಪದ, ಎಸಿ4 ದರ್ಜೆಯ, ಒಂದಕ್ಕೊಂದು ಲಾಕ್ ಆಗುವ ಹಲಗೆಗಳು. ಕಂಪನಿ ಕೊಟ್ಟಿದ್ದು 20 ವರ್ಷದ ವಾರಂಟಿ. ಇಷ್ಟರಲ್ಲಿ ಎರಡು ಸಲ ಕ್ಲೇಮು ಹಾಕಿದ್ದೇನೆ. ಒಂದು ಪಾಸಾಯಿತು, ಇನ್ನೊಂದಕ್ಕೆ ಆಗುವುದಿಲ್ಲ ಅಂದರು. ಎರಡಕ್ಕೂ ಕಾರಣ ಹಲಗೆಗಿಂತ ಜಾಸ್ತಿ ನನ್ನ ಕೆಲಸದಲ್ಲೇ ಇತ್ತು. ಅದನ್ನು ಹೇಳಬೇಕು ಅಂತಲೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ನೆಲದ ವಿಷಯ. ಚೆನ್ನಾಗಿದೆ. ಎಸಿ ಅನ್ನುವುದು ಮೇಲ್ಮೈ ಸವೆತವನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ. ಮನೆಗೆ ಎಸಿ3 ಸಾಕು. ಎಸಿ4 ತೆಗೆದುಕೊಂಡಿದ್ದಕ್ಕೆ ಪ್ಯಾಸೇಜ್‌ನಲ್ಲಿ ಇವತ್ತಿಗೂ ನಡೆದ ದಾರಿ ಕಾಣುವುದಿಲ್ಲ. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿದ್ದೇವೆ, ಗೀರು ತುಂಬಾ ಕಡಿಮೆ. ನಡೆಯುವಾಗ ಸ್ವಲ್ಪ ಟೊಳ್ಳು ಸದ್ದು ಬರುತ್ತದೆ, ಅದು ಈ ಥರದ ನೆಲದ ಗುಣ. ನೀರು ಚೆಲ್ಲಿದರೆ ತಕ್ಷಣ ಒರೆಸಬೇಕು. ಹಲಗೆಯ ಒಳಗಿರುವುದು ಒತ್ತಿ ಮಾಡಿದ ಮರದ ನಾರು, ನೀರು ಕುಡಿದರೆ ಅಂಚು ಉಬ್ಬುತ್ತದೆ. ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ಸ್ಟೀಮ್ ಮಾಪ್ ಬಳಸಿದರೆ ವಾರಂಟಿ ಇಲ್ಲ ಅಂತ ಕಾಗದದಲ್ಲೇ ಇದೆ.

ಆ ಕಾಗದ ಪ್ರತಿ ಡಬ್ಬದಲ್ಲೂ ಇರುತ್ತದೆ. ಮುಂಬದಿಯಲ್ಲಿ ವರ್ಷಗಳ ಸಂಖ್ಯೆ ದೊಡ್ಡದಾಗಿ, ಹಿಂಬದಿಯಲ್ಲಿ ಷರತ್ತುಗಳು ಸಣ್ಣ ಅಕ್ಷರದಲ್ಲಿ. ನಾವು ಅದನ್ನು ಓದುವುದು ಏನಾದರೂ ಹಾಳಾದ ಮೇಲೆ, ಅಲ್ವಾ? ಅಷ್ಟು ಹೊತ್ತಿಗೆ ಸಾಕ್ಷಿಯೆಲ್ಲ ಹಲಗೆ ಕೆಳಗೆ ಮುಚ್ಚಿಹೋಗಿರುತ್ತದೆ. ನಾನು ಡಬ್ಬ ಒಡೆಯುವ ಮುಂಚೆ ಕೂತು ಓದಿದೆ. ನನ್ನನ್ನು ಕಾಪಾಡಿದ್ದು ಆ ಅರ್ಧ ಗಂಟೆ.

ಡಬ್ಬಗಳನ್ನು ಹಾಕುವ ರೂಮಿನಲ್ಲೇ 48 ಗಂಟೆ ಮಲಗಿಸಿ ಇಡಬೇಕು, ಹಲಗೆ ಆ ಗಾಳಿಗೆ ಹೊಂದಿಕೊಳ್ಳಲಿ ಅಂತ. ಗೋಡೆಯಿಂದ ಸುತ್ತಲೂ 10 ಮಿ.ಮೀ. ಜಾಗ ಬಿಡಬೇಕು. ಕಾಂಕ್ರೀಟ್ ನೆಲವಾದರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಕಡ್ಡಾಯ. ಹಲಗೆಯ ಕೆಳಗೆ ಹಾಸುವ ಮೆತ್ತನೆಯ ಹಾಸು, ಅಂದರೆ ಅಂಡರ್‌ಲೇ, ಒಂದೇ ಪದರ. ಮೆತ್ತಗಿರಲಿ ಅಂತ ಎರಡು ಹಾಕಿದರೆ ಹಲಗೆ ಕೆಳಗೆ ಕುಸಿದು ಲಾಕ್ ಮುರಿಯುತ್ತದೆ.

ಕಾಂಕ್ರೀಟ್ ಒಣಗಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಪ್ಲಾಸ್ಟಿಕ್ ತುಂಡನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟೆ. ಮರುದಿನ ಬಿಚ್ಚಿದರೆ ಹಾಲ್‌ನಲ್ಲಿ ಏನೂ ಇಲ್ಲ. ಪ್ಯಾಸೇಜ್‌ನಲ್ಲಿ ಮಾತ್ರ ಪ್ಲಾಸ್ಟಿಕ್‌ನ ಒಳಮೈಗೆ ಬೆವರಿನಂಥ ಸಣ್ಣ ಹನಿ, ಕೆಳಗೆ ನೆಲ ಕಪ್ಪಗೆ. ಕೆಲಸ ನಿಲ್ಲಿಸಿದೆ. ಮೂರು ವಾರ ಕಿಟಕಿ ತೆಗೆದಿಟ್ಟು ಒಣಗಿಸಿ, ಮತ್ತೆ ಪರೀಕ್ಷೆ ಮಾಡಿ, ಆಮೇಲೆ ಹಾಳೆ ಹಾಸಿದೆ. ಹಾಳೆ ಒಂದರ ಮೇಲೊಂದು 20 ಸೆಂ.ಮೀ. ಬರುವ ಹಾಗೆ ಹಾಸಿ ಜಾಯಿಂಟಿಗೆ ಟೇಪ್ ಹಾಕಿದೆ. ಒಂದೊಂದು ಹಂತಕ್ಕೂ ಫೋಟೋ. ಫೋಟೋದಲ್ಲಿ ಅಳತೆ ಟೇಪು ಕಾಣಲೇಬೇಕು, ಅಂಕಿ ಓದುವ ಹಾಗಿರಬೇಕು. ಸುಮ್ನೆ ನೆಲದ ಫೋಟೋ ಯಾರಿಗೂ ಏನೂ ಹೇಳುವುದಿಲ್ಲ.

ಇನ್ನೊಂದು ಮಾತು. ಪ್ರತಿ ಹಲಗೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಹಾಕಿ. ಕಣ್ಣಿಗೆ ಕಾಣುವ ದೋಷ ಇದ್ದ ಹಲಗೆಯನ್ನು ಹಾಕಿಬಿಟ್ಟರೆ ನೀವು ಅದನ್ನು ಒಪ್ಪಿಕೊಂಡ ಹಾಗೆ ಲೆಕ್ಕ. ಮೂಲೆ ಒಡೆದ ಮೂರು ಹಲಗೆ ನನಗೆ ಸಿಕ್ಕವು. ಪಕ್ಕಕ್ಕಿಟ್ಟೆ, ಅಂಗಡಿಯವರು ಬದಲಿಸಿಕೊಟ್ಟರು.

ಮೊದಲ ಕ್ಲೇಮು ಮೂರನೇ ವರ್ಷ. ಪ್ಯಾಸೇಜ್‌ನ ನಾಲ್ಕು ಹಲಗೆಗಳ ತುದಿಯಲ್ಲಿ ಮೇಲಿನ ಪದರ ಉಗುರಿನಷ್ಟು ಎದ್ದಿತು. ಕಂಪನಿಯಿಂದ ಒಬ್ಬರು ನೋಡಲು ಬಂದರು. ಹಲಗೆ ನೋಡಿದ್ದು ಎರಡೇ ನಿಮಿಷ. ಆಮೇಲೆ ಸ್ಕರ್ಟಿಂಗ್ ಕಿತ್ತು, ಗೋಡೆ ಪಕ್ಕದ ಸಂದಿಗೆ ಸ್ಕೇಲ್ ಇಳಿಸಿ ಅಳೆದರು. ತೇವ ನೋಡುವ ಮೀಟರ್ ಇಟ್ಟರು. “ಕೆಳಗೆ ಏನು ಹಾಕಿದ್ದೀರಿ ಸಾರ್?” ಅಂತ ಕೇಳಿದರು. ಫೋಟೋಗಳನ್ನು ತೋರಿಸಿದೆ. “ಬ್ಯಾಚ್ ನಂಬರ್?” ಡಬ್ಬದ ಲೇಬಲ್ ಕತ್ತರಿಸಿ ಫೈಲಿನಲ್ಲಿ ಇಟ್ಟಿದ್ದೆ, ಕೊಟ್ಟೆ. ಬಿಲ್ ಕೇಳಿದಾಗ ಮಾತ್ರ ಎದೆ ಧಸಕ್ಕೆಂದಿತು. ಶಾಖಕ್ಕೆ ಅಚ್ಚಾಗುವ ಕಾಗದದ ಬಿಲ್ ಅದು, ಪೂರ್ತಿ ಬೆಳ್ಳಗಾಗಿತ್ತು. ಕೊಂಡ ದಿನವೇ ತೆಗೆದಿಟ್ಟ ಫೋಟೋ ಇದ್ದಿದ್ದರಿಂದ ಬಚಾವ್ ಆದೆ.

ಎರಡು ವಾರದಲ್ಲಿ ಕ್ಲೇಮು ಪಾಸಾಯಿತು. ಕೊಟ್ಟಿದ್ದು ಹಲಗೆ ಮಾತ್ರ, ಕೂಲಿ ಇಲ್ಲ. ಕಾಗದದಲ್ಲಿ ಹಾಗೇ ಇತ್ತು. ಈ ಹಲಗೆಗಳನ್ನು ನಡುವಿನಿಂದ ಕೀಳುವುದು ಕಷ್ಟ, ಹತ್ತಿರದ ಗೋಡೆಯಿಂದ ಸಾಲಾಗಿ ಬಿಚ್ಚುತ್ತಾ ಬರಬೇಕು. ಅದನ್ನೂ ನಾನೇ ಮಾಡಿದೆ. ಆದರೆ ಮುಟ್ಟುವ ಮುಂಚೆ ಒಂದು ಮೇಲ್ ಹಾಕಿ ಕೇಳಿದೆ: ನಾನೇ ಬಿಚ್ಚಿ ಹಾಕಿದರೆ ಉಳಿದ ನೆಲದ ವಾರಂಟಿ ಇರುತ್ತದೆಯೇ? ಇರುತ್ತದೆ ಅಂತ ಬರಹದಲ್ಲಿ ಬಂತು. ಹೊಸ ಹಲಗೆಗೆ ಹೊಸ 20 ವರ್ಷ ಇಲ್ಲ, ಹಳೆಯದರಲ್ಲಿ ಉಳಿದಷ್ಟೇ ಅಂತಲೂ ಬಂತು. ಫೋನಿನಲ್ಲಿ ಹೇಳಿದ್ದಕ್ಕೆ ಆಮೇಲೆ ಬೆಲೆ ಇರುವುದಿಲ್ಲ. ಇಂಥದ್ದನ್ನು ಬರಹದಲ್ಲೇ ಕೇಳಿ.

ಎರಡನೆಯದು ಐದನೇ ವರ್ಷ. ರೂಮಿನ ಬಾಗಿಲ ಹತ್ತಿರ ಎರಡು ಹಲಗೆಗಳ ನಡುವೆ ಸಂದಿ ಬಿಟ್ಟಿತು. ತೇವ ಜಾಸ್ತಿ ಇರುವ ತಿಂಗಳಲ್ಲಿ ಅದೇ ಜಾಗ ಕಾಲಿಗೆ ತಾಗುವಷ್ಟು ಉಬ್ಬುತ್ತಿತ್ತು. ಈ ಸಲ ಬಂದವರು ಯಾವ ಅಳತೆಯನ್ನೂ ತೆಗೆದುಕೊಳ್ಳಲಿಲ್ಲ. ಬಾಗಿಲ ಹಿಂದಿದ್ದ ಡೋರ್ ಸ್ಟಾಪರ್‌ಗೆ ಬೆರಳು ತೋರಿಸಿದರು. ಬಾಗಿಲು ಗೋಡೆಗೆ ಬಡಿಯುತ್ತದೆ ಅಂತ ನೆಲ ಹಾಕಿದ ಮುಂದಿನ ವರ್ಷ ನಾನೇ ಕೂರಿಸಿದ್ದು. ಹಲಗೆಗೆ ತೂತು ಕೊರೆದು, ಕೆಳಗಿನ ಕಾಂಕ್ರೀಟ್‌ವರೆಗೆ ಸ್ಕ್ರೂ ಹೊಡೆದಿದ್ದೆ.

ಈ ನೆಲ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಇಡೀ ರೂಮಿನ ಹಲಗೆಗಳು ಒಂದೇ ಹಾಳೆಯ ಹಾಗೆ ಹಿಗ್ಗುತ್ತವೆ, ಕುಗ್ಗುತ್ತವೆ. ಗೋಡೆ ಪಕ್ಕ ಜಾಗ ಬಿಡುವುದು ಅದಕ್ಕೇ. ಒಂದು ಕಡೆ ಸ್ಕ್ರೂ ಹೊಡೆದರೆ ಆ ಜಾಗ ಅಲ್ಲಾಡುವುದಿಲ್ಲ, ಪಕ್ಕದ ಜಾಯಿಂಟ್ ಬಾಯಿ ಬಿಡುತ್ತದೆ. ಮೊಳೆ, ಸ್ಕ್ರೂ ಹೊಡೆಯಬಾರದು ಅಂತ ಕಾಗದದಲ್ಲಿ ಇತ್ತು, ನಾನು ಓದಿಯೂ ಇದ್ದೆ. ಆದರೆ ಓದಿದ್ದು ನೆಲ ಹಾಕುವ ದಿನ. ಸ್ಟಾಪರ್ ಹಾಕುವಾಗ ಅದು ನೆಲದ ಕೆಲಸ ಅಂತ ನನಗೆ ಅನ್ನಿಸಲೇ ಇಲ್ಲ. ಅಡುಗೆಮನೆಯ ಭಾರದ ಕಪಾಟುಗಳನ್ನು ಈ ನೆಲದ ಮೇಲೆ ಕೂರಿಸಬಾರದು ಅನ್ನುವುದೂ ಇದೇ ಕಾರಣಕ್ಕೆ. ನಿರಾಕರಿಸಿದ್ದು ಸರಿಯಾಗಿಯೇ ಇತ್ತು, ನಾನು ಜಗಳ ಮಾಡಲಿಲ್ಲ.

ಈಗ ಮನೆಯಲ್ಲಿ ಏನೇ ಕೊರೆಯುವ ಮುಂಚೆ ಆ ವಸ್ತುವಿನ ಕಾಗದವನ್ನು ಮತ್ತೊಮ್ಮೆ ತೆಗೆದು ನೋಡುತ್ತೇನೆ. ಕೆಲವು ವಸ್ತುಗಳನ್ನು ಕಂಪನಿ ಒಪ್ಪಿದವರೇ ಕೂರಿಸಬೇಕು ಅಂತಿರುತ್ತದೆ. ಅಂಥದ್ದಕ್ಕೆ ಕೈ ಹಾಕುವುದಿಲ್ಲ.

ನೆಲಕ್ಕೆ 5ಕ್ಕೆ 4 ಅಂಕ. ವಾರಂಟಿಗೆ 3. ಮಾತಿನಂತೆ ನಡೆದುಕೊಂಡರು. ಆದರೆ ವರ್ಷ ಕಳೆದಂತೆ ಕೊಡುವ ಮೊತ್ತ ಇಳಿಯುತ್ತಾ ಹೋಗುತ್ತದೆ, ಮನೆ ಮಾರಿದರೆ ಹೊಸಬರಿಗೆ ದಾಟುವುದೂ ಇಲ್ಲ. ಕಾಗದದ ಮುಂಬದಿಯ ದೊಡ್ಡ ಸಂಖ್ಯೆಯಿಂದ ಅದು ಗೊತ್ತಾಗುವುದಿಲ್ಲ.

ಕೊಳ್ಳುವಾಗ ಒಂದು ಡಬ್ಬ ಹೆಚ್ಚಿಗೆ ತೆಗೆದುಕೊಳ್ಳಿ, ಅದೇ ಬಣ್ಣ ಆಮೇಲೆ ಸಿಗುವ ಭರವಸೆ ಇಲ್ಲ. ನನ್ನದು ಮಂಚದ ಕೆಳಗಿತ್ತು. ಹೋದ ತಿಂಗಳು ಅದರಿಂದ ಎರಡು ಹಲಗೆ ತೆಗೆದು ಬಾಗಿಲ ಹತ್ತಿರ ಬದಲಿಸಿದೆ. ಸ್ಟಾಪರ್ ಈಗ ಗೋಡೆಗೆ ಹತ್ತಿದೆ.