ಫೀಲರ್ ಗೇಜ್: 3 ವರ್ಷ ಬಳಸಿದ ಮೇಲೆ ನನ್ನ ಅನುಭವ

ಟ್ಯಾಪೆಟ್ ಸೌಂಡ್ (ವಾಲ್ವ್ ತಳ್ಳುವ ಭಾಗದ ಟಿಕ್ ಟಿಕ್) ನಿಂತರೆ ಇಂಜಿನ್ ಸರಿಹೋಯ್ತು ಅಂತ ನಂಬಿದ್ದೆ. ಆ ನಂಬಿಕೆಗೆ ಒಂದು ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡುವ ಕವಾಟ) ಸುಟ್ಟುಹೋಯಿತು.

ನನ್ನ 100 ಸಿಸಿ ಬೈಕ್ 60,000 ಕಿ.ಮೀ. ದಾಟಿದಾಗ ಇಂಜಿನ್‌ನ ಮೇಲ್ಭಾಗದ ಹೆಡ್‌ನಿಂದ ಟಿಕ್ ಟಿಕ್ ಶುರುವಾಯಿತು. ಗ್ಯಾರೇಜಿನವರು ಬಿಸಿ ಇಂಜಿನ್‌ನಲ್ಲೇ, ಬರೀ ಕಿವಿಯ ಅಂದಾಜಿನಲ್ಲಿ ಟ್ಯಾಪೆಟ್ ಸ್ಕ್ರೂ ಟೈಟ್ ಮಾಡಿದರು. ಸೌಂಡ್ ಮಾಯ. ಎರಡು ತಿಂಗಳಿಗೆ ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ನೋವು, ಏರಿನಲ್ಲಿ ಎಳೆಯುತ್ತಲೇ ಇರಲಿಲ್ಲ. ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ (ಮುಚ್ಚಿದಾಗ ಅದು ಕೂರುವ ಅಂಚಿಗೆ) ಕೊಡುವುದು ಪೂರ್ತಿ ಮುಚ್ಚಿದಾಗ ಮಾತ್ರ. ವಾಲ್ವ್ ಮತ್ತು ಅದನ್ನು ತಳ್ಳುವ ರಾಕರ್‌ನ ಸ್ಕ್ರೂ ನಡುವೆ ಗ್ಯಾಪೇ ಇಲ್ಲದಿದ್ದರೆ ಅದು ಪೂರ್ತಿ ಮುಚ್ಚುವುದೇ ಇಲ್ಲ. ಅಂಚು ಸುಡುತ್ತದೆ.

ಆಮೇಲೆ ತಗೊಂಡಿದ್ದು ಈ ಗೇಜ್, ಇಂಥ ಗ್ಯಾಪ್ ಅಳೆಯುವ ತೆಳು ಬ್ಲೇಡ್‌ಗಳ ಸೆಟ್. ಪ್ರತಿ 3,000 ಕಿ.ಮೀ.ಗೆ ನಾನೇ ನೋಡುತ್ತೇನೆ. ರಾತ್ರಿಯಿಡೀ ತಣ್ಣಗಾದ ಇಂಜಿನ್ ಇರಬೇಕು. ಮ್ಯಾಗ್ನೆಟ್ (ಇಂಜಿನ್ ಪಕ್ಕದ ಚಕ್ರ) ತಿರುಗಿಸಿ, ಪಿಸ್ಟನ್ ತುತ್ತತುದಿಗೆ ಬಂದದ್ದನ್ನು ತೋರಿಸುವ ಟಿ ಮಾರ್ಕನ್ನು ಕವರ್‌ನ ಗುರುತಿಗೆ ಕೂಡಿಸಿದಾಗ ಎರಡೂ ರಾಕರ್ ಸ್ವಲ್ಪ ಅಲ್ಲಾಡಬೇಕು. ಬಿಗಿ ಇದ್ದರೆ ಇನ್ನೊಂದು ಸುತ್ತು. ನನ್ನ ಗಾಡಿಯ ಪುಸ್ತಕದಲ್ಲಿ ಗ್ಯಾಪ್ 0.08 ಮಿ.ಮೀ. ಇದೆ, ನಿಮ್ಮದರಲ್ಲಿ ಬೇರೆ ಇರಬಹುದು. ದಪ್ಪ ಪುಸ್ತಕದ ನಡುವಿನಿಂದ ಒಂದು ಹಾಳೆ ಎಳೆದ ಹಾಗೆ, ಬ್ಲೇಡ್ ಸ್ವಲ್ಪ ತಡೆದು ಜಾರಬೇಕು. ಸ್ಕ್ರೂ ಹಿಡಿದಿಡುವ ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೆ ನೋಡಿ, ಸ್ಕ್ರೂ ಜೊತೆಗೇ ತಿರುಗಿಬಿಡುತ್ತದೆ.

ಒಮ್ಮೆ ಗೇಜ್ ಸರಿ ತೋರಿಸಿದರೂ ಟಿಕ್ ಟಿಕ್ ನಿಲ್ಲಲಿಲ್ಲ. ಸ್ಕ್ರೂ ಬಿಚ್ಚಿ ತುದಿಯ ಮೇಲೆ ಉಗುರು ಎಳೆದೆ, ಗುಳಿಗೆ ಸಿಕ್ಕಿಕೊಂಡಿತು. ಸವೆದ ಗುಳಿಯ ಮೇಲೆ ಬ್ಲೇಡ್ ಸೇತುವೆ ಥರ ಕೂತಿರುತ್ತದೆ, ಕೆಳಗಿನ ಗ್ಯಾಪ್ ಲೆಕ್ಕಕ್ಕೇ ಬರಲ್ಲ. ಹೊಸ ಸ್ಕ್ರೂ ಹಾಕಿದೆ, ನಿಂತಿತು.

ಕೊರತೆಯೂ ಇದೆ. ತೆಳು ಬ್ಲೇಡ್ ಬೇಗ ಮಡಚಿಕೊಳ್ಳುತ್ತದೆ, ನನ್ನ 0.05 ಎರಡನೇ ತಿಂಗಳಿಗೇ ಹೋಯಿತು. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಎಣ್ಣೆ ಒರೆಸಿಡದಿದ್ದರೆ ತುಕ್ಕು ಗ್ಯಾರಂಟಿ. ಕೊಳ್ಳುವಾಗ 0.05ರಿಂದ 0.10ರವರೆಗೆ ಪ್ರತಿ 0.01ಕ್ಕೂ ಬ್ಲೇಡ್ ಇದೆಯಾ ನೋಡಿ. 0.05 ಆದ ಮೇಲೆ ನೇರ 0.10 ಇರುವ ಸೆಟ್ ಬೈಕಿಗೆ ಸುಮ್ನೆ ದಂಡ.

ಹೋದ ವಾರ ಚೆಕ್ ಮಾಡಿದೆ. ಇನ್‌ಟೇಕ್ ಸರಿಯಾಗಿತ್ತು. ಎಕ್ಸಾಸ್ಟ್‌ನಲ್ಲಿ 0.08 ತೂರಲೇ ಇಲ್ಲ, 0.06 ಮಾತ್ರ ಹೋಯಿತು. ಇಂಜಿನ್‌ನಲ್ಲಿ ಒಂಚೂರೂ ಸೌಂಡ್ ಇರಲಿಲ್ಲ.